ಬೆಳ್ಳಗೆ ಮಾಡಿಕೊಡಿ ಅನ್ನುವವರಿಗೂ, ಉಳಿದವರಿಗೂ

ಮೊಬೈಲಿನಲ್ಲಿ ಫೋಟೊ ತಿದ್ದುವುದು: ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಸ್ಟುಡಿಯೊ ಒಂದರಿಂದ ಉತ್ತರ

ಹೊಸ ಓದುಗರಿಗೆ ಮೊದಲು ಪರಿಚಯ. ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ. ಕ್ಯಾಮೆರಾ ಹಿಡಿಯುವುದು ನಮ್ಮ ಮನೆಯವರು. ಕಂಪ್ಯೂಟರ್ ಮುಂದೆ ಕೂತು ಕರೆಕ್ಷನ್ ಮಾಡುವುದು, ಆಲ್ಬಂ ಜೋಡಿಸುವುದು ನಾನು. ಈಗೀಗ ಗಿರಾಕಿಗಳು ತಮ್ಮ ಮೊಬೈಲನ್ನೇ ಚಾಚಿ 'ಅಕ್ಕಾ, ಇದನ್ನ ಸ್ವಲ್ಪ ಸರಿ ಮಾಡಿಕೊಡ್ರಿ' ಅನ್ನುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಕೂತು ಮಾಡಿಕೊಳ್ಳಬಹುದಾದ ಕೆಲಸ. ಪತ್ರಿಕೆಗೆ ಇದನ್ನೇ ಬರೆಯುತ್ತೇನೆ ಅಂದಾಗ ಮನೆಯವರು 'ಅಂಗಡಿ ಮುಚ್ಚಿಸ್ತೀಯೇನು' ಅಂದರು. ಎಲ್ಲಿ ಮುಚ್ಚುತ್ತೆ, ಪ್ರಿಂಟಿಗೂ ಫ್ರೇಮಿಗೂ ಇಲ್ಲಿಗೇ ಬರಬೇಕಲ್ಲ.

ಮನೆಯಲ್ಲೇ ರೇಷ್ಮೆ ಸೀರೆ ವ್ಯಾಪಾರ ಮಾಡುತ್ತೇನೆ. ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಕು. ಸೀರೆಯ ಬಣ್ಣ ಒಂದಾದರೆ ಫೋಟೊದಲ್ಲಿ ಕಾಣುವುದು ಇನ್ನೊಂದು. ಮಗ ನಾಲ್ಕು ಆ್ಯಪ್ ಹಾಕಿಕೊಟ್ಟಿದ್ದಾನೆ, ಯಾವುದನ್ನು ಒತ್ತಬೇಕೋ ತಿಳಿಯದು. ಎಲ್ಲಿಂದ ಶುರು ಮಾಡಲಿ?
– ಓದುಗಿ, ಮೊಳಕಾಲ್ಮೂರು

ನಾಲ್ಕರಲ್ಲಿ ಮೂರನ್ನು ತೆಗೆದುಹಾಕಿ. ಸ್ನ್ಯಾಪ್‌ಸೀಡ್ ಇದ್ದರೆ ಅದೊಂದನ್ನು ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಾಕಿಸಿಕೊಳ್ಳಿ. ನಿಕ್ ಸಾಫ್ಟ್‌ವೇರ್ ಎಂಬ ಕಂಪನಿ 2011ರಲ್ಲಿ ಮೊದಲು ಐಪ್ಯಾಡಿಗೆಂದು ಹೊರತಂದ ಆ್ಯಪ್ ಅದು. ಮರುವರ್ಷ ಗೂಗಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ದುಡ್ಡು ಕೇಳುವುದಿಲ್ಲ, ನಡುನಡುವೆ ಜಾಹೀರಾತು ತೋರಿಸುವುದಿಲ್ಲ, ಫೋಟೊದ ಮೂಲೆಗೆ ತನ್ನ ಹೆಸರು ಒತ್ತುವುದಿಲ್ಲ. ಅದೂ ಭಾರ ಅನ್ನಿಸಿದರೆ ನಿಮ್ಮ ಫೋನಿನ ಗ್ಯಾಲರಿಯಲ್ಲಿ 'ಎಡಿಟ್' ಎಂದು ಇದ್ದೇ ಇರುತ್ತದೆ, ಶುರುವಿಗೆ ಧಾರಾಳವಾಯಿತು. ಲೈಟ್‌ರೂಂ ಎಂಬ ಇನ್ನೊಂದು ಆ್ಯಪ್ ಬಗ್ಗೆಯೂ ಹಲವರು ಕೇಳಿದ್ದೀರಿ. ಒಳ್ಳೆಯದೇ, ಆದರೆ ಅದರ ಕೆಲವು ಒಳ್ಳೆಯ ಸಲಕರಣೆಗಳಿಗೆ ಚಂದಾ ಕಟ್ಟಬೇಕು. ಈಗಲೇ ಬೇಡ.

ಮೊದಲು ಕತ್ತರಿಸಿ, ಆಮೇಲೆ ಬೆಳಕು, ಅದಾದ ಮೇಲೆ ಬಣ್ಣ, ಎಲ್ಲಕ್ಕಿಂತ ಕೊನೆಗೆ ಶಾರ್ಪ್. ಈ ಸಾಲು ತಪ್ಪಿಸಬೇಡಿ. ಸೀರೆಯ ಪಕ್ಕದಲ್ಲಿ ಬಾಗಿಲ ಬೆಳಕೋ ಮಂಚದ ಕಾಲೋ ಕಾಣುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದು ಬೆಳಕು ಏರಿಳಿಸುತ್ತೀರಿ. ಅದನ್ನು ಮೊದಲೇ ಕತ್ತರಿಸಿಬಿಟ್ಟರೆ ಕಣ್ಣು ಸೀರೆಯ ಮೇಲೇ ನಿಲ್ಲುತ್ತದೆ.

ಬೆಳಕಿಗೆ ಹೊಸಬರು ಒತ್ತುವುದು ಬ್ರೈಟ್‌ನೆಸ್ ಒಂದನ್ನೇ. ಅದು ಇಡೀ ಫೋಟೊವನ್ನು ಒಟ್ಟಿಗೆ ಮೇಲೆತ್ತುತ್ತದೆ, ಜರಿ ಮೊದಲೇ ಹೊಳೆಯುತ್ತಿದ್ದರೆ ಬೆಳ್ಳಗೆ ಬೆಂದುಹೋಗುತ್ತದೆ. ಸ್ನ್ಯಾಪ್‌ಸೀಡಿನ ಟ್ಯೂನ್ ಇಮೇಜ್ ಒಳಗೆ ಹೋದರೆ ಹೈಲೈಟ್ಸ್, ಶ್ಯಾಡೋಸ್ ಎಂದು ಎರಡು ಸಿಗುತ್ತವೆ. ಹೈಲೈಟ್ಸ್ ಮುಟ್ಟುವುದು ಬೆಳಕಿನ ಭಾಗವನ್ನು ಮಾತ್ರ, ಶ್ಯಾಡೋಸ್ ಮುಟ್ಟುವುದು ಕತ್ತಲ ಭಾಗವನ್ನು ಮಾತ್ರ. ಜರಿ ಕಣ್ಣು ಕುಕ್ಕಿದರೆ ಹೈಲೈಟ್ಸ್ ಇಳಿಸಿ, ನೆರಿಗೆಯ ಒಳಗೆ ಬುಟ್ಟಾ ಕಾಣದಿದ್ದರೆ ಶ್ಯಾಡೋಸ್ ಏರಿಸಿ. ಎರಡನ್ನೂ ಎಳೆದ ಮೇಲೆ ಫೋಟೊ ಸಪ್ಪೆ ಅನ್ನಿಸಿದರೆ ಕಾಂಟ್ರಾಸ್ಟ್, ಅಂದರೆ ಬೆಳಕು-ಕತ್ತಲ ಅಂತರ, ಒಂದಿಷ್ಟು ಏರಿಸಿ.

ಇನ್ನು ಬಣ್ಣ. ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, ಏರಿಸಲು ಹೋಗಬೇಡಿ. ಫೋಟೊ ನೋಡಿದಾಗ 'ಆಹಾ' ಅಂದ ಗಿರಾಕಿ ಕಟ್ಟು ಬಿಚ್ಚಿದಾಗ 'ಇದಲ್ಲ' ಅಂದರೆ ಕೊರಿಯರ್ ಖರ್ಚು ನಿಮ್ಮ ತಲೆಗೆ. ಅದರಲ್ಲೂ ಕುಂಕುಮ ಕೆಂಪು, ರಾಣಿ ಪಿಂಕ್ ಸೀರೆಗಳಲ್ಲಿ ಜಾಗ್ರತೆ. ಫೋನಿಗೆ ಕೆಂಪು ಕಂಡರೆ ಅದನ್ನು ಇನ್ನಷ್ಟು ಉಬ್ಬಿಸುವ ಚಾಳಿ. ಆಗ ನೇಯ್ಗೆಯ ಎಳೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಬರೀ ಕೆಂಪು ಬಟ್ಟೆ ಕಾಣುತ್ತದೆ. ಇಂಥ ಸೀರೆಗೆ ಸ್ಯಾಚುರೇಷನ್ ಹತ್ತರಷ್ಟು ಇಳಿಸಿ ನೋಡಿ, ಎಳೆಗಳು ಮತ್ತೆ ಮೇಲೆ ಬರುತ್ತವೆ. ತೆಗೆಯುವಾಗಲೇ ಪರದೆಯ ಮೇಲೆ ಸೀರೆಯನ್ನು ಒಮ್ಮೆ ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆದು ತೆಗೆದರೆ ಇನ್ನೂ ಒಳ್ಳೆಯದು.

ತಿದ್ದುವಾಗ ಸೀರೆ ನಿಮ್ಮ ತೊಡೆಯ ಮೇಲೇ ಇರಲಿ. ಪರದೆ ನೋಡಿ, ಸೀರೆ ನೋಡಿ. ಫೋನಿನ 'ಐ ಕಂಫರ್ಟ್' ಹಳದಿ ಬೆಳಕು ಹಾಕಿಕೊಂಡಿದ್ದರೆ ಆ ಹೊತ್ತಿಗೆ ತೆಗೆದಿಡಿ. ಹಳದಿ ಪರದೆಯಲ್ಲಿ ಬಣ್ಣ ಸರಿ ಮಾಡಲು ಹೋದವರ ಫೋಟೊ ಬೇರೆಯವರ ಫೋನಿನಲ್ಲಿ ನೀಲಿ ತಿರುಗುತ್ತದೆ. ಉಳಿಸುವಾಗ 'ಸೇವ್ ಎ ಕಾಪಿ' ಒತ್ತಿ. ಮೂಲ ಫೋಟೊ ಮುಟ್ಟದಂತೆ ಇದ್ದರೆ ನಾಳೆ ಬೇಕಾದರೂ ಹೊಸದಾಗಿ ಶುರು ಮಾಡಬಹುದು.

ನಮ್ಮದು ಬೆಣ್ಣೆ ದೋಸೆ ಹೋಟೆಲ್. ಇನ್‌ಸ್ಟಾಗ್ರಾಂಗೆ ಹಾಕಲು ಫೋಟೊ ತೆಗೆದರೆ ದೋಸೆ ಹಸಿರು ಹಸಿರಾಗಿ ಕಾಣುತ್ತದೆ. ಫಿಲ್ಟರ್ ಹಾಕಿದರೆ ಕಿತ್ತಳೆ ಬಣ್ಣ. ಏನು ಮಾಡಬೇಕು?
– ಓದುಗ, ದಾವಣಗೆರೆ

ನಿಮ್ಮ ಹೋಟೆಲಿನ ಟ್ಯೂಬ್‌ಲೈಟ್ ಬದಲಿಸಬೇಕು ಅಂದರೆ ಸಿಟ್ಟಾಗುತ್ತೀರಿ. ಹಸಿರು ಬರುತ್ತಿರುವುದು ಅದರಿಂದಲೇ. ಒಂದು ಕಡೆ ಬಾಗಿಲಿನಿಂದ ಹಗಲು ಬೆಳಕು, ಇನ್ನೊಂದು ಕಡೆ ಟ್ಯೂಬ್, ಒಳಗಿನ ಒಲೆಯ ಮೇಲೆ ಹಳದಿ ಬಲ್ಬು. ಮೂರೂ ಒಂದೇ ತಟ್ಟೆಗೆ ಬಿದ್ದರೆ ಫೋನು ಯಾವುದನ್ನು ಬಿಳಿ ಎಂದು ನಂಬಬೇಕು?

ಬಾಗಿಲ ಹತ್ತಿರದ ಟೇಬಲ್ಲಿಗೆ ತಟ್ಟೆ ತನ್ನಿ, ಬಿಸಿಲು ನೇರ ಬೀಳದ ಜಾಗ. ತೆಗೆದ ಫೋಟೊವನ್ನು ಸ್ನ್ಯಾಪ್‌ಸೀಡಿನ ವೈಟ್ ಬ್ಯಾಲೆನ್ಸ್‌ನಲ್ಲಿ ತೆರೆದರೆ ಒಂದು ಡ್ರಾಪರ್ ಗುರುತು ಸಿಗುತ್ತದೆ. ಅದನ್ನು ಫೋಟೊದಲ್ಲಿ ಯಾವುದು ನಿಜವಾಗಿಯೂ ಬಿಳಿಯೋ ಅದರ ಮೇಲೆ ಇಡಬೇಕು. ಬೇರೆ ಊರಿನವರು ಬಿಳಿ ಹುಡುಕಿಕೊಂಡು ಒದ್ದಾಡಬೇಕು, ನಿಮಗೆ ತಟ್ಟೆಯಲ್ಲೇ ಇದೆ: ತೆಂಗಿನಕಾಯಿ ಚಟ್ನಿ. ನಮ್ಮೂರ ಬೆಣ್ಣೆ ದೋಸೆಯ ಚಟ್ನಿ ಬೆಳ್ಳಗಿರುವುದು ಇಂಥ ಹೊತ್ತಿಗೂ ಉಪಯೋಗ. ಡ್ರಾಪರನ್ನು ಬೆಣ್ಣೆಯ ಮೇಲೆ ಇಡಬೇಡಿ. ಬೆಣ್ಣೆಗೆ ಅದರದೇ ತೆಳು ಹಳದಿ ಇರುತ್ತದೆ, ಅದನ್ನೇ ಬಿಳಿ ಎಂದು ಫೋನಿಗೆ ಹೇಳಿಕೊಟ್ಟರೆ ಉಳಿದದ್ದೆಲ್ಲ ನೀಲಿಗೆ ಹೊರಳಿ ದೋಸೆ ತಣ್ಣಗಾದಂತೆ ಕಾಣುತ್ತದೆ. ಹಾಗೇ ಚಟ್ನಿ ಸರಿಯಾದ ಮೇಲೆ ವಾರ್ಮ್ತ್ ಐದೋ ಹತ್ತೋ ಏರಿಸಿ ಸಾಕು ಮಾಡಿ. ತಿನ್ನುವ ಪದಾರ್ಥಕ್ಕೆ ಅಷ್ಟು ಹಳದಿ ಒಪ್ಪುತ್ತದೆ.

ಇನ್ನೊಂದು, ದೋಸೆಯ ಅಂಚಿನ ಗರಿಗರಿ ಕಾಣಬೇಕಾದರೆ ಡೀಟೇಲ್ಸ್‌ನಲ್ಲಿ ಸ್ಟ್ರಕ್ಚರ್ ಹದಿನೈದರಷ್ಟು. ಐವತ್ತಕ್ಕೆ ಹೋದರೆ ಕಂದು ಕಲೆಗಳು ಸೀದ ಹಾಗೆ ಕಾಣುತ್ತವೆ. ಬೆಣ್ಣೆ ಕರಗಿ ಹರಿಯುವ ಮೊದಲು ತೆಗೆಯಿರಿ, ಅದಕ್ಕೆ ಯಾವ ಆ್ಯಪ್ಪಿನಲ್ಲೂ ಮದ್ದಿಲ್ಲ.

ಕೋಟೆಗೆ ಹೋಗಿದ್ದಾಗ ಮಧ್ಯಾಹ್ನ ತೆಗೆದ ಫೋಟೊಗಳಲ್ಲಿ ಆಕಾಶ ಪೂರ್ತಿ ಬಿಳಿ, ಬಂಡೆಯ ನೆರಳು ಪೂರ್ತಿ ಕಪ್ಪು. ಕಂಬಗಳೆಲ್ಲ ಹಿಂದಕ್ಕೆ ವಾಲಿವೆ. ಎಚ್‌ಡಿಆರ್ ಫಿಲ್ಟರ್ ಹಾಕಿದೆ, ಗೆಳೆಯರು ನಕ್ಕರು. ಸರಿ ಮಾಡಬಹುದೇ?
– ಪದವಿ ವಿದ್ಯಾರ್ಥಿ, ಚಿತ್ರದುರ್ಗ

ಅರ್ಧ ಮಾಡಬಹುದು. ಯಾವ ಅರ್ಧ ಎಂಬುದನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಫೋಟೊ ತೆರೆದು ಹೈಲೈಟ್ಸನ್ನು ಪೂರ್ತಿ ಕೆಳಗೆ, ಮೈನಸ್ ನೂರಕ್ಕೆ ಎಳೆಯಿರಿ. ಆಕಾಶದಲ್ಲಿ ನೀಲಿಯೋ ಮೋಡದ ಅಂಚೋ ಮೂಡಿದರೆ ಬಣ್ಣ ಇನ್ನೂ ಅಲ್ಲಿದೆ, ಈಗ ಹಿಂದಕ್ಕೆ ಬಂದು ಸರಿಯಾದ ಕಡೆ ನಿಲ್ಲಿಸಿ. ಬಿಳಿ ಹೋಗಿ ಬರೀ ಬೂದು ಬಂದರೆ ಅಲ್ಲಿ ಏನೂ ಇಲ್ಲ. ಕಾರಣ ಇಷ್ಟೇ: ಸಾಧಾರಣ ಜೆಪಿಜಿ (ಫೋಟೊ ಉಳಿಸುವ ಸಾಮಾನ್ಯ ರೂಪ) ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ರಿಂದ 255ರವರೆಗೆ ಮಾತ್ರ ಮೆಟ್ಟಿಲು. ಮೂರೂ 255ಕ್ಕೆ ಹೋಗಿ ಮುಟ್ಟಿದ ಜಾಗ ಬರೀ ಬಿಳಿ. ಅಲ್ಲಿಂದ ಕೆಳಗಿಳಿಸಿದರೆ ಬೂದು ಆಗುತ್ತದೆಯೇ ಹೊರತು ನೀಲಿ ಎಲ್ಲಿಂದ ಬರಬೇಕು? ಕತ್ತಲ ಕಡೆ ಇಷ್ಟು ನಿಷ್ಠುರ ಇಲ್ಲ. ಶ್ಯಾಡೋಸ್ ಏರಿಸಿದರೆ ಬಂಡೆಯ ಮೈ, ಗೋಡೆಯ ಕಲ್ಲಿನ ಸಂದು ಎಷ್ಟೋ ಮಟ್ಟಿಗೆ ಕಾಣಿಸಿಕೊಳ್ಳುತ್ತವೆ, ಜೊತೆಗೆ ಒಂದಿಷ್ಟು ಮರಳು ಮರಳು ಚುಕ್ಕೆಯೂ ಬರುತ್ತದೆ, ಸಹಿಸಿಕೊಳ್ಳಿ. ಅದಕ್ಕೇ ಕೋಟೆಯಂಥ ಕಡೆ ಬೆಳಕಿನ ಭಾಗಕ್ಕೆ ಹೊಂದಿಸಿ, ಫೋಟೊ ಸ್ವಲ್ಪ ಕಪ್ಪಾಗಿಯೇ ತೆಗೆದುಕೊಂಡು ಬರುವುದು. ಒನಕೆ ಓಬವ್ವನ ಕಿಂಡಿಯ ಹತ್ತಿರ ನಿಂತು ಇದನ್ನು ಮಾಡಿ ನೋಡಿ. ಬೆಳಗುವ ಕಲ್ಲಿನ ಮೇಲೆ ಬೆರಳಿಟ್ಟು ಒಂದು, ಕಿಂಡಿಯ ಕತ್ತಲ ಮೇಲೆ ಬೆರಳಿಟ್ಟು ಒಂದು. ಮನೆಗೆ ಬಂದು ತಿದ್ದಲು ಕೂತಾಗ ಯಾವುದು ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂದು ಕೈಗೇ ತಿಳಿಯುತ್ತದೆ.

ಕೆಲವು ಆ್ಯಪ್‌ಗಳು ಬಿಳಿ ಆಕಾಶ ಕಿತ್ತು ಮೋಡದ ಆಕಾಶ ಅಂಟಿಸಿಕೊಡುತ್ತವೆ. ದುರ್ಗದವರು ಆ ಕೆಲಸಕ್ಕೆ ಹೋಗಬೇಡಿ. ಮೋಡ ಕವಿದ ದಿನ ಬಂಡೆಯ ನೆರಳು ಕತ್ತರಿಸಿಟ್ಟಂತೆ ಬೀಳುವುದಿಲ್ಲ. ನಿಮ್ಮ ಫೋಟೊದಲ್ಲಿ ಮೇಲೆ ಮೋಡ, ಕೆಳಗೆ ನಡುಮಧ್ಯಾಹ್ನದ ನೆರಳು. ನೋಡಿದವರಿಗೆ ಏನು ತಪ್ಪು ಎಂದು ಹೇಳಲು ಬಾರದಿದ್ದರೂ ಸುಳ್ಳು ಎಂದು ಗೊತ್ತಾಗುತ್ತದೆ.

ಎಚ್‌ಡಿಆರ್ ಅಂದರೆ ಬೆಳಕು, ಕತ್ತಲು ಎರಡೂ ಕಡೆಯ ವಿವರವನ್ನು ಒತ್ತಿ ತೋರಿಸುವ ಫಿಲ್ಟರ್. ಅದಕ್ಕೆ ಗೆಳೆಯರು ನಕ್ಕದ್ದು ಸರಿಯಾಗಿಯೇ ಇದೆ. ದುರ್ಗದ ಬಂಡೆಗೆ ಬೂದು, ಕಂದು, ಸಂಜೆಯಾದರೆ ತೆಳು ಗುಲಾಬಿ, ಹೀಗೆ ನಯವಾಗಿ ಬದಲಾಗುವ ಬಣ್ಣ ಇದೆ. ಆ ಫಿಲ್ಟರ್ ಒಂದೊಂದು ಬಿರುಕಿಗೂ ಕಪ್ಪು ಗೆರೆ ಎಳೆದು, ಬಂಡೆಗೂ ಆಕಾಶಕ್ಕೂ ನಡುವೆ ಬಿಳಿಯ ಪಟ್ಟಿ ಮೂಡಿಸುತ್ತದೆ. ಹಾಕಲೇಬೇಕೆಂದರೆ ಬಲವನ್ನು ಇಪ್ಪತ್ತಕ್ಕೆ ಇಳಿಸಿ.

ಕಂಬ ವಾಲುವುದು ನೀವು ಕೆಳಗೆ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿದ್ದರಿಂದ. ಪರ್ಸ್‌ಪೆಕ್ಟಿವ್ ಎಂಬ ಸಲಕರಣೆಯಲ್ಲಿ ಟಿಲ್ಟ್ ಆರಿಸಿ, ಬೆರಳನ್ನು ಮೇಲೆ ಕೆಳಗೆ ಎಳೆದರೆ ದೀಪಸ್ತಂಭ ನೆಟ್ಟಗಾಗುತ್ತದೆ. ಆಗ ಅಕ್ಕಪಕ್ಕದ ಅಂಚು ಕತ್ತರಿಸಿಹೋಗುವುದರಿಂದ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಬೇಕು. ಪೂರ್ತಿ ನೆಟ್ಟಗೆ ಮಾಡಬೇಡಿ, ತಲೆಯೆತ್ತಿ ನೋಡಿದ ಭಾವ ಚೂರು ಉಳಿಯಲಿ.

ಮಗಳಿಗೆ ಗಂಡು ನೋಡುತ್ತಿದ್ದೇವೆ. ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಮ್ಮಿ. ಸ್ಟುಡಿಯೊಕ್ಕೆ ಬರಲು ಒಲ್ಲೆ ಅನ್ನುತ್ತಾಳೆ. ಮೊಬೈಲಿನಲ್ಲೇ ಮುಖ ಬೆಳ್ಳಗೆ ಮಾಡುವ ಒಳ್ಳೆಯ ಆ್ಯಪ್ ಯಾವುದು?
– ತಾಯಿ, ಹೊನ್ನಾಳಿ

ಅಮ್ಮಾ, ಆ ಆ್ಯಪ್ ಹೆಸರು ನಾನು ಹೇಳುವುದಿಲ್ಲ. ನಮ್ಮ ಅಂಗಡಿಯಲ್ಲೂ ಈ ಕೆಲಸ ಮಾಡುವುದಿಲ್ಲ, ಗಿರಾಕಿ ಬೇಸರ ಮಾಡಿಕೊಂಡು ಹೋದದ್ದೂ ಉಂಟು.

ಉಪದೇಶ ಬೇಡವೆಂದರೆ ಬರೀ ಕಸುಬಿನ ಲೆಕ್ಕದಲ್ಲಿ ಹೇಳುತ್ತೇನೆ. ಮುಖ ಬೆಳ್ಳಗೆ ಮಾಡಿದ ಫೋಟೊವನ್ನು ಹಿಗ್ಗಿಸಿ ನೋಡಿ. ಮುಖಕ್ಕೆ ಸುಣ್ಣ ಹೊಡೆದಂತಿರುತ್ತದೆ, ಕೊರಳು, ಕೈ ಮೊದಲಿನಂತೆಯೇ. ಹಣೆಯ ಕುಂಕುಮ ಗುಲಾಬಿಗೆ ತಿರುಗಿರುತ್ತದೆ. ಮೂಗುಬೊಟ್ಟಿನ ಚಿನ್ನ ನಿಂಬೆ ಹಳದಿ. ಕೆನ್ನೆಯ ಮೇಲಿನ ನುಣುಪಾದ ಕೂದಲು, ತುಟಿಯ ಪಕ್ಕದ ಮಚ್ಚೆ ಎರಡೂ ಮಾಯ. ಹೆಣ್ಣು ನೋಡಲು ಬಂದವರು ಕಾಫಿ ತಂದ ಹುಡುಗಿಯನ್ನು ಬಿಟ್ಟು ಫೋಟೊದ ಹುಡುಗಿ ಎಲ್ಲಿ ಎಂದು ಬಾಗಿಲ ಕಡೆ ನೋಡುವಂತಾದರೆ ಆ ಮುಜುಗರ ಮಗಳದು. ಅವಳು ಸ್ಟುಡಿಯೊ ಬೇಡ ಅನ್ನುವುದಕ್ಕೂ ಇದೇ ಕಾರಣವೋ ಏನೋ, ಕೇಳಿ ನೋಡಿ.

ಈಗ ಮಾಡಬೇಕಾದ್ದು. ಫೋನಿನ ಕ್ಯಾಮೆರಾ ತೆರೆದು 'ಬ್ಯೂಟಿ' ಎಂಬುದನ್ನು ಸೊನ್ನೆಗೆ ತನ್ನಿ. ಎಷ್ಟೋ ಫೋನಿನಲ್ಲಿ ಅದು ಕೊಂಡ ದಿನದಿಂದಲೇ ಚಾಲೂ ಇರುತ್ತದೆ. ಸೆಲ್ಫಿ ಬೇಡ. ಕೈಯಳತೆಯಲ್ಲಿ ಹಿಡಿದ ಫೋನಿಗೆ ಮೂಗು ಹತ್ತಿರ, ಕಿವಿ ದೂರ, ಹಾಗಾಗಿ ಮೂಗು ದಪ್ಪ, ಮುಖ ಸಣ್ಣ ಕಾಣುತ್ತದೆ. ನೀವೇ ಐದಾರು ಅಡಿ ದೂರ ನಿಂತು, ಫೋನಿನಲ್ಲಿ 2ಎಕ್ಸ್ (ಎರಡು ಪಟ್ಟು ಹತ್ತಿರ ತೋರಿಸುವ ಗುಂಡಿ) ಒತ್ತಿ ತೆಗೆಯಿರಿ. ಮಗಳು ಕಿಟಕಿಗೆ ಬೆನ್ನು ಮಾಡಬಾರದು, ಪಕ್ಕಕ್ಕೆ ತಿರುಗಿ ನಿಲ್ಲಲಿ. ಬೆಳಗಿನ ಹೊತ್ತು, ಬಿಸಿಲು ಒಳಗೆ ಬೀಳದ ಕಿಟಕಿ. ಒಂದು ಕೆನ್ನೆ ತೀರಾ ಕಪ್ಪಾದರೆ ಆ ಕಡೆ ಯಾರಾದರೂ ಬಿಳಿ ಪಂಚೆ ಬಿಡಿಸಿ ಹಿಡಿಯಲಿ, ಅದರಿಂದ ಮರಳಿ ಬರುವ ಬೆಳಕು ನಮ್ಮ ಸ್ಟುಡಿಯೊದ ಬಿಳಿ ಕೊಡೆಯ ಕೆಲಸವನ್ನೇ ಮಾಡುತ್ತದೆ. ಸೀರೆ ತೀರಾ ತಿಳಿ ಬಣ್ಣದ್ದು ಬೇಡ. ಪಚ್ಚೆ, ಅರಿಶಿನ, ಕಡು ನೀಲಿ ಯಾವುದಾದರೂ ಸರಿ.

ಆಮೇಲೆ ಸ್ನ್ಯಾಪ್‌ಸೀಡಿನಲ್ಲಿ ಸೆಲೆಕ್ಟಿವ್. ಕೆನ್ನೆಯ ಮೇಲೆ ಒಮ್ಮೆ ಒತ್ತಿ, ಎರಡು ಬೆರಳಿನಿಂದ ವೃತ್ತವನ್ನು ಮುಖದಷ್ಟೇ ಅಗಲಕ್ಕೆ ತಂದು, ಬ್ರೈಟ್‌ನೆಸ್ ಹತ್ತು, ಹೆಚ್ಚೆಂದರೆ ಹದಿನೈದು. ಮುಖ ಬೆಳಕಿಗೆ ಬರುತ್ತದೆ, ಬಣ್ಣ ಅವಳದೇ ಇರುತ್ತದೆ. ಮೊನ್ನೆ ಮೊನ್ನೆ ಎದ್ದ ಮೊಡವೆ ಇದ್ದರೆ ಹೀಲಿಂಗ್‌ನಲ್ಲಿ ಒರೆಸಿ, ಅದು ವಾರದಲ್ಲಿ ಹೋಗುವಂಥದು. ಮಚ್ಚೆ ಮುಟ್ಟಬೇಡಿ. ಮುಗಿದ ಮೇಲೆ ಫೋಟೊ ಮೇಲೆ ಬೆರಳು ಒತ್ತಿ ಹಿಡಿದರೆ ಹಳೆಯದು ಕಾಣುತ್ತದೆ, ಬಿಟ್ಟರೆ ಹೊಸದು. ಮಗಳಿಗೇ ತೋರಿಸಿ. 'ಇದು ನಾನೇ' ಅಂದರೆ ಕಳಿಸಿ.

ಮೆಕ್ಕೆಜೋಳದ ಸುಳಿಯಲ್ಲಿ ಹುಳ ಬಿದ್ದಿದೆ. ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೊ ಕಳಿಸಬೇಕು. ಚೆನ್ನಾಗಿ ಕಾಣಲು ಯಾವ ಫಿಲ್ಟರ್ ಹಾಕಲಿ?
– ರೈತ, ಮಾಯಕೊಂಡ

ಯಾವುದೂ ಬೇಡ. ಎಲೆ ಹಳದಿಯಾಗಿದೆಯೇ, ಬಿಳಿಚಿದೆಯೇ, ಕೆಂಪು ಅಂಚು ಬಂದಿದೆಯೇ ಎಂಬುದನ್ನೇ ನೋಡಿ ಅವರು ರೋಗ ಹೇಳಬೇಕು. ನೀವು ಬಣ್ಣ ತಿದ್ದಿ ಕಳಿಸಿದರೆ ಅವರು ಬೇರೆ ರೋಗಕ್ಕೆ ಔಷಧ ಹೇಳಿಯಾರು. ಕತ್ತರಿಸುವುದು ಮಾತ್ರ ಮಾಡಿ.

ತೆಗೆಯುವುದು ಹೇಗೆ ಅಂದರೆ, ಹುಳಕ್ಕೆ ಮೂತಿ ತಾಗುವಷ್ಟು ಹತ್ತಿರ ಫೋನು ಒಯ್ಯಬೇಡಿ, ಫೋಕಸ್ ಕೂರುವುದಿಲ್ಲ. ಒಂದು ಗೇಣು ಹಿಂದೆ ಸರಿದು, 2ಎಕ್ಸ್ ಒತ್ತಿ, ಹುಳದ ಮೇಲೆ ಬೆರಳಿಟ್ಟು ತೆಗೆಯಿರಿ. ಬಿಸಿಲಿದ್ದರೆ ನಿಮ್ಮ ನೆರಳು ಗಿಡದ ಮೇಲೆ ಬೀಳುವಂತೆ ನಿಂತುಕೊಳ್ಳಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ಸಿಗುತ್ತದೆ. ನಮ್ಮ ಮೈದುನನೂ ಜೋಳ ಹಾಕುತ್ತಾನೆ. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಪತ್ತೆಯಾದ ಸೈನಿಕ ಹುಳುವಿಗೆ ತಲೆಯ ಮೇಲೆ ತಲೆಕೆಳಗಾದ 'ವೈ' ಗೆರೆ, ಬಾಲದ ಕಡೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ ಎಂದು ಅವನೇ ತೋರಿಸಿದ್ದು. ಹಾಗಾಗಿ ತಲೆಯದೊಂದು, ಬಾಲದ್ದೊಂದು, ಇಡೀ ಗಿಡದ್ದೊಂದು, ಮೂರು ಫೋಟೊ ಕಳಿಸಿ.

ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಇಡೀ ಮನೆಯವರು ಹೋಗಿ ಫೋಟೊ ತೆಗೆಸಿಕೊಂಡಿದ್ದೆವು. ಹಿಂದೆ ಯಾರೋ ಕೆಂಪು ಅಂಗಿಯವನು ನಿಂತಿದ್ದಾನೆ. ಅವನನ್ನು ತೆಗೆಯಬೇಕು. ಜೊತೆಗೆ, ಈಗ ನಮ್ಮೊಂದಿಗೆ ಮಾತಿಲ್ಲದ ಒಬ್ಬ ಸಂಬಂಧಿಕರನ್ನೂ.
– ಓದುಗಿ, ಹಿರಿಯೂರು

2022ರಲ್ಲಿ ತೆಗೆದದ್ದಾದರೆ ಜೋಪಾನ ಮಾಡಬೇಕಾದ ಫೋಟೊ. 1933ರ ನಂತರ ಮಾರಿಕಣಿವೆ, ಅಂದರೆ ಇದೇ ವಾಣಿವಿಲಾಸ ಸಾಗರ, ಮೊದಲ ಸಲ ಕೋಡಿ ಹರಿದದ್ದು ಆ ವರ್ಷವೇ.

ಕೆಂಪು ಅಂಗಿಯವನಿಗೆ ಗೂಗಲ್ ಫೋಟೋಸ್‌ನ ಮ್ಯಾಜಿಕ್ ಎರೇಸರ್ ಇದೆ. 2024ರ ಮೇ ತಿಂಗಳಿಂದ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅವನ ಸುತ್ತ ಬೆರಳಿನಿಂದ ಗೆರೆ ಎಳೆದರೆ ಆಯಿತು. ನೆಲದ ಮೇಲಿನ ಅವನ ನೆರಳನ್ನೂ ಅಳಿಸಿ, ಜನ ಮರೆಯುವುದು ಇದನ್ನೇ. ಸ್ನ್ಯಾಪ್‌ಸೀಡಿನ ಹೀಲಿಂಗ್‌ನಲ್ಲಿ ಮಾಡುವುದಾದರೆ ಫೋಟೊ ಹಿಗ್ಗಿಸಿಕೊಂಡು ಕಾಲಿನಿಂದ ಮೇಲಕ್ಕೆ ಚೂರುಚೂರೇ ಒರೆಸಿ. ಒಂದೇ ಸಲ ದೊಡ್ಡದಾಗಿ ಬಳಿದರೆ ಪಕ್ಕದ ನೀರನ್ನೇ ಎತ್ತಿ ತಂದು ಇಡುತ್ತದೆ, ಒಂದೇ ನೊರೆ ಎರಡು ಕಡೆ ಕಾಣುತ್ತದೆ.

ಸಂಬಂಧಿಕರ ವಿಷಯ. ಅವರು ಸಾಲಿನ ತುದಿಯಲ್ಲಿದ್ದರೆ ಕತ್ತರಿಸಿದರೆ ಮುಗಿಯಿತು. ನಡುವೆ ಇದ್ದರೆ ಅವರ ಕೈ ಯಾರ ಹೆಗಲ ಮೇಲಿದೆ ನೋಡಿ, ಮನುಷ್ಯ ಹೋದರೂ ಬೆರಳು ಉಳಿಯುತ್ತದೆ. ಏನಾದರೂ ಮಾಡಿ, ಮೂಲ ಫೋಟೊ ಅಳಿಸಬೇಡಿ. ಅಂದು ಅಳಿಸಿದವರನ್ನು ಮತ್ತೆ ಸೇರಿಸಿಕೊಡಿ ಎಂದು ಸೀಮಂತಕ್ಕೋ ಗೃಹಪ್ರವೇಶಕ್ಕೋ ಮುಂಚೆ ಅಂಗಡಿಗೆ ಬರುವವರೂ ಇದ್ದಾರೆ.

ಅಜ್ಜನ ಹಳೆಯ ಕಪ್ಪು ಬಿಳುಪು ಫೋಟೊ ಒಂದೇ ಇದೆ. ಹಳದಿಯಾಗಿ, ಗೆರೆ ಬಿದ್ದಿದೆ. ಮೊಬೈಲಿನಲ್ಲಿ ತೆಗೆದು ಆ್ಯಪ್‌ಗೆ ಹಾಕಿದರೆ ಬಣ್ಣ ಬಂತು, ಮುಖ ಸ್ಪಷ್ಟವಾಯಿತು. ಆದರೆ ಅಜ್ಜಿ ಒಪ್ಪುತ್ತಿಲ್ಲ, 'ಇವರು ಯಾರು' ಅನ್ನುತ್ತಾರೆ.
– ಓದುಗ, ಹೊಳಲ್ಕೆರೆ

ಅಜ್ಜಿಯ ಮಾತೇ ಕೊನೆಯ ಮಾತು. ಎಐ ಆ್ಯಪ್ ಮಸುಕಾದ ಕಣ್ಣನ್ನು ಸ್ಪಷ್ಟ ಮಾಡುವುದಿಲ್ಲ, ತಾನು ನೋಡಿರುವ ಲಕ್ಷಾಂತರ ಕಣ್ಣುಗಳ ಅಂದಾಜಿನಲ್ಲಿ ಹೊಸದೊಂದನ್ನು ಬರೆದು ಕೂರಿಸುತ್ತದೆ. ಬಣ್ಣವೂ ಹಾಗೇ. ಅಜ್ಜನ ರುಮಾಲು ಕೆಂಪಿತ್ತೋ ಹಸಿರಿತ್ತೋ ಅದಕ್ಕೇನು ಗೊತ್ತು?

ಮತ್ತೆ ಮೊದಲಿನಿಂದ ಮಾಡೋಣ. ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಮುಖದ ಪದರವೇ ಕಿತ್ತುಬರುತ್ತದೆ. ಗಾಜಿನ ಮೇಲಿಂದಲೇ ತೆಗೆಯಿರಿ. ಫ್ಲಾಶ್ ಬೇಡ. ಕಿಟಕಿಯ ಬೆಳಕು ಪಕ್ಕದಿಂದ ಬರಲಿ, ಫೋನಿನ ಹಿಂದೆ ನೀವು ಕಪ್ಪು ಶಾಲು ಹೊದ್ದು ನಿಂತರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಬೀಳುವುದಿಲ್ಲ. ಗೂಗಲ್‌ನದೇ ಫೋಟೊಸ್ಕ್ಯಾನ್ ಎಂಬ ಆ್ಯಪ್ 2016ರಿಂದ ಇದೆ. ಅದು ನಾಲ್ಕು ಚುಕ್ಕೆ ತೋರಿಸಿ, ಒಂದೊಂದರ ಮೇಲೂ ಫೋನು ಸರಿಸಿಕೊಂಡು ಹೋಗಲು ಹೇಳುತ್ತದೆ, ನಾಲ್ಕನ್ನೂ ಕೂಡಿಸಿ ಗಾಜಿನ ಹೊಳಪನ್ನು ಕಳೆಯುತ್ತದೆ.

ಹಳದಿ ಹೋಗಲು ಸ್ನ್ಯಾಪ್‌ಸೀಡಿನ ಬ್ಲ್ಯಾಕ್ ಅಂಡ್ ವೈಟ್ ಹಾಕಿ. ಹಳೆಯ ಫೋಟೊದಲ್ಲಿ ಕಪ್ಪು ಬೂದಾಗಿರುತ್ತದೆ, ಅದಕ್ಕೆ ಕಾಂಟ್ರಾಸ್ಟ್ ಏರಿಸಿ, ಶ್ಯಾಡೋಸ್ ಇಳಿಸಿ. ಕೋಟಿನ ಕಪ್ಪು ಗಟ್ಟಿಯಾದ ಕ್ಷಣ ನಿಲ್ಲಿಸಿ. ಗೆರೆಗಳನ್ನು ಹೀಲಿಂಗ್‌ನಲ್ಲಿ ಒರೆಸುವಾಗ ಗೋಡೆ, ಬಟ್ಟೆಯ ಮೇಲಿನವನ್ನು ಧೈರ್ಯವಾಗಿ ತೆಗೆಯಿರಿ. ಕಣ್ಣು, ಮೂಗು, ಬಾಯಿಯ ಮೇಲೆ ಹಾದುಹೋದ ಗೆರೆಯನ್ನು ಬಿಡಿ. ಅಥವಾ ಅದೊಂದನ್ನು ಸ್ಟುಡಿಯೊದವರಿಗೆ ಕೊಡಿ, ಇದು ಅಂಗಡಿಗೆ ಗಿರಾಕಿ ಕರೆಯುವ ಮಾತಲ್ಲ, ಅಷ್ಟು ಸಣ್ಣ ಜಾಗದಲ್ಲಿ ಬೆರಳು ದಪ್ಪವಾಗುತ್ತದೆ.

ಪ್ರಿಂಟ್ ಹಾಕಿಸುವಾಗ ಒಂದು ಲೆಕ್ಕ. ಅಚ್ಚುಕಟ್ಟಾದ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ (ಫೋಟೊ ಕೂಡಿರುವ ಸಣ್ಣ ಚುಕ್ಕೆ) ಬೇಕು. ನಾಲ್ಕು-ಆರು ಇಂಚಿನದಕ್ಕೆ 1200 × 1800, ಎಂಟು-ಹನ್ನೆರಡಕ್ಕೆ 2400 × 3600. ಮೊಬೈಲ್ ಫೋಟೊ ಸಾಮಾನ್ಯವಾಗಿ 4:3 ಅಳತೆಯದು, ಈ ಕಾಗದಗಳು 3:2. ಹಾಗಾಗಿ ಉದ್ದನೆಯ ಬದಿ ಪೂರ್ತಿ ಉಳಿದರೆ ಇನ್ನೊಂದು ಬದಿಯಲ್ಲಿ ಒಂಬತ್ತರಲ್ಲಿ ಒಂದು ಪಾಲು ಹೋಗುತ್ತದೆ. ಅದನ್ನು ಮೆಷಿನ್‌ಗೆ ಬಿಡದೆ ಮನೆಯಲ್ಲೇ 3:2ಕ್ಕೆ ಕತ್ತರಿಸಿ ತಂದರೆ ಯಾರ ತಲೆಯೂ ಹೋಗುವುದಿಲ್ಲ.

ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುವಾಗ ಫೋಟೊ 'ಸೈಜ್ ಜಾಸ್ತಿ' ಅನ್ನುತ್ತದೆ. ಕತ್ತರಿಸಿದರೂ ಹಾಗೇ.
– ಉದ್ಯೋಗಾಕಾಂಕ್ಷಿ, ಚನ್ನಗಿರಿ

ಅವರು ಕೇಳುವ ಸೈಜ್ ಕೆಬಿ ಲೆಕ್ಕದ್ದು, ಅಂದರೆ ಫೈಲಿನ ತೂಕ. ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನವರಿಗೆ ಫೋಟೊ 20ರಿಂದ 50 ಕೆಬಿ, 200 × 230 ಪಿಕ್ಸೆಲ್. ಸಹಿ 10ರಿಂದ 20 ಕೆಬಿ, 140 × 60 ಪಿಕ್ಸೆಲ್. ಪಿಕ್ಸೆಲ್ ಇಳಿಸಿದರೆ ಕೆಬಿ ತಾನಾಗಿ ಇಳಿಯುತ್ತದೆ, 'ಇಮೇಜ್ ರೀಸೈಜ್' ಎಂದು ಹುಡುಕಿದರೆ ಆ್ಯಪ್‌ಗಳು ಸಿಗುತ್ತವೆ. ಬೇರೆ ಪರೀಕ್ಷೆಗೆ ಬೇರೆ ಅಳತೆ, ಅಧಿಸೂಚನೆ ನೋಡಿ. ಫಿಲ್ಟರ್ ಹಾಕಿದ ಫೋಟೊ ಕಳಿಸಬೇಡಿ, ಪರೀಕ್ಷಾ ಕೇಂದ್ರದಲ್ಲಿ ಮುಖ ಹೋಲಿಸುತ್ತಾರೆ.

ಕಳೆದ ತಿಂಗಳು ನಾನು ಕಳಿಸಿದ ಫೋಟೊ ನೋಡಿ 'ಮಸುಕಾಗಿದೆ, ಏನೂ ಹೇಳಲಾಗದು' ಎಂದು ಬರೆದಿರಿ. ನನ್ನ ಫೋನಿನಲ್ಲಿ ಸ್ಫಟಿಕದಂತಿದೆ!
– ಓದುಗ, ಹರಿಹರ

ಇರಲೇಬೇಕು. ವಾಟ್ಸಾಪ್ ಮಾಮೂಲಿಯಾಗಿ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಫೋಟೊ ಆರಿಸಿದ ಮೇಲೆ ಮೇಲ್ಗಡೆ 'ಎಚ್‌ಡಿ' ಎಂದು ಕಾಣುತ್ತದೆ, 2023ರ ಆಗಸ್ಟ್‌ನಲ್ಲಿ ಬಂದದ್ದು, ಅದನ್ನು ಒತ್ತಿದರೆ ಕುಗ್ಗುವುದು ಕಡಿಮೆ. ಒಂದಿಷ್ಟೂ ಕುಗ್ಗಬಾರದೆಂದರೆ ಪಿನ್ ಗುರುತು ಒತ್ತಿ, ಗ್ಯಾಲರಿ ಬಿಟ್ಟು 'ಡಾಕ್ಯುಮೆಂಟ್' ಮೂಲಕ ಕಳಿಸಿ. ಹಾಗೆ ಕಳಿಸಿದರೆ ಫೋಟೊ ತೆಗೆದ ಜಾಗದ ಗುರುತೂ ಒಳಗೇ ಬರಬಹುದು. ನನಗೆ ಕಳಿಸಲು ಅಡ್ಡಿಯಿಲ್ಲ, ಗುರುತಿಲ್ಲದವರಿಗೆ ಮನೆಯಲ್ಲಿ ತೆಗೆದ ಫೋಟೊ ಹಾಗೆ ಕಳಿಸಬೇಡಿ. ಹೊನ್ನಾಳಿಯ ತಾಯಿಯೂ ಇದನ್ನು ಗಮನಿಸಲಿ.

ಹರಿಹರೇಶ್ವರ ಗುಡಿಯ ಕಂಬಗಳ ಆ ಫೋಟೊವನ್ನು ಡಾಕ್ಯುಮೆಂಟ್ ಮಾಡಿ ಮತ್ತೊಮ್ಮೆ ಕಳಿಸಿ. ಒಳಗೆ ಕತ್ತಲಿತ್ತು ಎಂದು ಬರೆದಿದ್ದಿರಿ. ತಿದ್ದಿದ್ದು ಬೇಡ, ತೆಗೆದದ್ದೇ ಬೇಕು. ಯಾವ ಫೋನು ಎಂಬುದನ್ನೂ ಬರೆಯಿರಿ.